ನನ್ನನ್ನು ಮುಚ್ಚಬೇಡ ಎಂದದ್ದು

ನಡೆದದ್ದು ಇಷ್ಟೇ. ನಮ್ಮ ಜಯಮ್ಮ ಹಿರಿಯರ ಹಬ್ಬಕ್ಕೆ ಬರುವುದಿಲ್ಲ ಎಂದು ಮುಖ ತಿರುಗಿಸಿದ್ದಕ್ಕೆ ಕಾರಣ ಕಂಪ್ಯೂಟರಲ್ಲ, ಮೊಮ್ಮಗಳು ಪವಿತ್ರಳೂ ಅಲ್ಲ, ನಾನು. ಮನೆಯವರೆಲ್ಲ ‘ಅದೇನೋ ಮಿಸ್ಟೇಕ್ ಆಗೋಯ್ತಂತೆ’ ಎಂದು ನನ್ನ ಮಾನ ಉಳಿಸಲು ನೋಡಿದರು. ಮಿಸ್ಟೇಕು ತಾನಾಗಿ ಆಗುವುದಿಲ್ಲ. ಹಾಲು ತಾನಾಗಿ ಉಕ್ಕುವುದಿಲ್ಲ. ಒಲೆ ಮುಂದೆ ಕೂತವಳು ಬೇರೆ ಎಲ್ಲೋ ನೋಡುತ್ತಿರುತ್ತಾಳೆ.

ಜಯಮ್ಮ ಎಂದರೆ ನನ್ನ ಓರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ವಿರೂಪಾಕ್ಷಿಪುರದ ಈ ಮನೆಗೆ ನಾನು ಬಂದ ಐದು ವರ್ಷಕ್ಕೆ ಅವಳು ಬಂದಳು. ಹನ್ನೆರಡು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದೆವು. ಆಮೇಲೆ ಅವಳು ‘ಅಕ್ಕನ ಕೈ ಕೆಳಗೆ ಇನ್ನು ನನ್ನ ಕೈಲಾಗಲ್ಲ’ ಎಂದು ಬೇರೆ ಹೋದಳು. ಜಮೀನಿಗೆ ಜಗಳ ಎಂದು ಊರು ಆಡಿಕೊಂಡಿತು. ಜಮೀನಲ್ಲ, ಉಪ್ಪು. ಅವಳು ಮಾಡಿದ ಸಾರಿಗೆ ನಾನು ದಿನಾ ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದೆ, ರುಚಿ ನೋಡದೆಯೇ. ಹನ್ನೆರಡು ವರ್ಷದ ಚಿಟಿಕೆ ಸೇರಿದರೆ ಒಂದು ಮೂಟೆಯಾಗುತ್ತದೆ. ಅವಳು ಗಂಡ ಮಕ್ಕಳನ್ನು ಕಟ್ಟಿಕೊಂಡು ತವರೂರು ಹೊಂಗನೂರಿಗೆ ಹೋಗಿ, ರೇಷ್ಮೆ ಹುಳ ಸಾಕಿ, ನನಗಿಂತ ಚೆನ್ನಾಗಿ ಬದುಕಿದಳು. ಅದೂ ನಿಜ, ಬರೆದುಬಿಡುತ್ತೇನೆ.

ಅಂದಿನಿಂದ ನಮ್ಮ ಹಿರಿಯರಿಗೆ ಎರಡು ಊರಲ್ಲಿ ಎಡೆ. ನಮ್ಮ ಕಡೆ ಹಿರಿಯರ ಹಬ್ಬದ ದಿನ ತೀರಿಹೋದವರ ಹೆಸರು ಹೇಳಿ, ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಎಲೆಗೆ ಬಡಿಸುತ್ತೇವೆ. ನಮ್ಮತ್ತೆ ದೊಡ್ಡತಾಯಮ್ಮ ಬದುಕಿದ್ದಾಗ ಯಾವ ಸೊಸೆಯ ಕೈಯಡಿಗೆ ಚೆನ್ನ ಎಂದು ಬಾಯಿ ಬಿಡದೆ ಹೋದವಳು. ಸತ್ತ ಮೇಲೂ ಪಾಪ, ವರ್ಷಾ ವರ್ಷಾ ಎರಡೂ ಕಡೆ ಉಂಡು ತೀರ್ಮಾನ ಹೇಳದೆ ಹೋಗುತ್ತಿದ್ದಳೋ ಏನೋ.

ಹೋದ ವರ್ಷ ಎಡೆ ಮುಂದೆ ಹೆಸರು ಹೇಳುವಾಗ ನಮ್ಮ ಮಾವನ ತಂಗಿಯ ಹೆಸರು ನನಗೆ ಬರಲಿಲ್ಲ. ನಾಲಿಗೆಯ ತುದಿಗೂ ಬರಲಿಲ್ಲ, ಹೊಟ್ಟೆಯಲ್ಲೂ ಇರಲಿಲ್ಲ. ಮಕ್ಕಳು ‘ನೆಪ್ಪಿರೋ ಹೆಸ್ರು ಹೇಳಿ ಮುಗ್ಸವ್ವ, ಅನ್ನ ಆರೋಯ್ತದೆ’ ಎಂದರು. ನನಗೆ ಸರಿ ಕಾಣಲಿಲ್ಲ. ಎದ್ದುಹೋಗಿ ಜಯಳಿಗೆ ಫೋನ್ ಮಾಡಿದೆ. ಅವಳು ಒಂದು ಕ್ಷಣವೂ ತಡೆಯದೆ, ‘ಕಾಳಮ್ಮ ಕಣಕ್ಕ. ಅವ್ಳಿಗೆ ಸಿಹಿ ಸೇರ್ತಿರ್ಲಿಲ್ಲ, ಎಲೆ ಅಡಿಕೆ ಜಾಸ್ತಿ ಇಡು’ ಎಂದು ಫೋನ್ ಇಟ್ಟಳು. ಆಗ ನನಗೆ ಒಂದು ಮಾತು ಗೊತ್ತಾಯಿತು. ಆ ಹಳೆಯ ಮನೆಯಲ್ಲಿ ಯಾರು ಏನು ತಿನ್ನುತ್ತಿದ್ದರು ಎಂದು ತಿಳಿದವರು ಈ ಭೂಮಿಯ ಮೇಲೆ ಇಬ್ಬರೇ. ಅದರಲ್ಲಿ ಒಬ್ಬಳಿಗೆ ಆಗಲೇ ಮರೆವು ಹಿಡಿದಿದೆ. ಆ ಒಬ್ಬಳು ನಾನು.

ಈ ವರ್ಷ ನಾನೇ ಕೇಳಿದೆ, ‘ಬಾ, ಎಡೆ ಒಟ್ಟಿಗೆ ಇಡಾಣ’ ಎಂದು. ನಾನು ಯಾರನ್ನೂ ಎರಡು ಸಲ ಕರೆಯುವವಳಲ್ಲ. ಅವಳನ್ನು ಮೂರು ಸಲ ಕರೆದೆ. ಎಂಟು ದಿನ ಸತಾಯಿಸಿ ಒಪ್ಪಿದಳು.

ಇಲ್ಲಿಗೆ ಪವಿತ್ರ ಬಂದಳು. ನನ್ನ ಎರಡನೇ ಮಗನ ಮಗಳು, ಚನ್ನಪಟ್ಟಣದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಮುಟ್ಟಿದರೆ ತೆರೆದುಕೊಳ್ಳುವ, ಮತ್ತೆ ಮುಟ್ಟಿದರೆ ಮಡಿಚಿಕೊಳ್ಳುವ ಒಂದು ಪೇಜು ಮಾಡಿಕೊಂಡು ಬನ್ನಿ ಎಂದು ಅಲ್ಲಿ ಹೇಳಿದ್ದರಂತೆ. ನಾನು ಮೊರದಲ್ಲಿ ಹುರುಳಿಕಾಳು ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು.

‘ನಮ್ಮ ಮನೆತನದ್ದೇ ಮಾಡ್ತೀನಿ ಕಣಜ್ಜಿ. ಕಾಲೇಜಿಗೂ ಆಯ್ತದೆ, ಹಬ್ಬುಕ್ಕೆ ಹೆಸ್ರು ಹೇಳಕ್ಕೂ ಆಯ್ತದೆ. ಮೊದ್ಲಿಂದ ಹೇಳು.’

ಚಿತ್ರ ಬರೆಯುತ್ತಾಳೆ ಎಂದುಕೊಂಡರೆ ಅವಳು ಕಾಗದ ಬರೆಯುವ ಹಾಗೆ ಬರೆಯುತ್ತಿದ್ದಾಳೆ. ನಡುನಡುವೆ ಕೊಕ್ಕೆ ಕೊಕ್ಕೆ ಗುರುತು.

‘ಇದೇನೇ, ಬರೀ ಬರವಣಿಗೆ. ಮುಟ್ಟಿದ್ರೆ ತೆರ್ಕಳೋದು ಎಲ್ಲೈತೆ?’

‘ನಾನ್ ಬರೆಯೋದು ಬರವಣಿಗೆಯೇ. ಅದ್ನ ಓದ್ಕಂಡು ಮನೆ ಕಟ್ಟೋದು ಬ್ರೌಸರು.’

‘ಅದ್ಯಾರದು?’

‘ಫೋನಲ್ಲಿ ಪೇಜ್ ತೋರುಸ್ತದಲ್ಲ, ಅದೇ. ನೀನ್ ಗಾರೆಯವ್ನಿಗೆ ಬಾಯಲ್ಲಿ ಹೇಳ್ತಿರ್ಲಿಲ್ವಾ, ಇಲ್ಲೊಂದು ಗೋಡೆ, ಅಲ್ಲೊಂದು ಬಾಗ್ಲು ಅಂತ? ಹಂಗೆ ನಾನು ಹೇಳದು, ಅದು ಕಟ್ಟದು.’

ಕೆಟ್ಟ ಉದಾಹರಣೆ ಆರಿಸಿಕೊಂಡಳು. ನಾನು ಬಚ್ಚಲುಮನೆ ಕಟ್ಟಿಸುವಾಗ ಗಾರೆಯವನಿಗೆ ಗೋಡೆ ಎಲ್ಲಿಂದ ಶುರು ಎಂದು ಹೇಳಿ, ಎಲ್ಲಿಗೆ ಮುಗಿಯಬೇಕೆಂದು ಹೇಳದೆ ನೆಂಟರ ಮನೆಗೆ ಹೋಗಿದ್ದೆ. ಅವನು ಕೇಳುವುದಕ್ಕೆ ಯಾರೂ ಇಲ್ಲವೆಂದು ಕೆಲಸ ನಿಲ್ಲಿಸಿದನೇ? ಇಲ್ಲ. ತನಗೆ ತೋಚಿದ ಕಡೆಗೆ ಎಳೆದುಕೊಂಡು ಹೋದ. ನಾನು ವಾಪಸು ಬಂದಾಗ ನಮ್ಮ ಎಮ್ಮೆ ಬಚ್ಚಲಿನ ಒಳಗೆ ನಿಂತಿತ್ತು. ಅದನ್ನು ಯಾರೂ ಒಳಗೆ ಹೊಡೆದಿರಲಿಲ್ಲ. ಗೋಡೆಯೇ ಅದನ್ನು ಸುತ್ತಿಕೊಂಡು ಹೋಗಿತ್ತು. ಈ ಮಾತು ಆಗಲೇ ನೆನಪಾಗಬೇಕಿತ್ತು. ಆಗಲಿಲ್ಲ.

ಪವಿತ್ರ ಹೇಳಿದ್ದು ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ಅವಳನ್ನು ಬೈಯಿರಿ. ಬ್ರೌಸರು ಅವಳ ಬರವಣಿಗೆಯನ್ನು ಮೇಲಿಂದ ಕೆಳಗೆ ಅಕ್ಷರ ಅಕ್ಷರ ಓದುತ್ತದೆ. ಒಂದು ಡಬ್ಬಿ ತೆಗೆ ಎಂಬ ಗುರುತು ಬಂದರೆ ತೆಗೆಯುತ್ತದೆ. ಮುಚ್ಚು ಎಂಬ ಗುರುತು ಬರುವ ತನಕ ಮುಂದೆ ಬಂದದ್ದೆಲ್ಲ ಅದರೊಳಗೆ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು. ಹೀಗೆ ಓದಿ ಮುಗಿಸುವಷ್ಟರಲ್ಲಿ ಅದರ ತಲೆಯೊಳಗೆ ಒಂದು ಮರ ನಿಂತಿರುತ್ತದೆ. ಬೇರು ಮೇಲೆ, ಕೊಂಬೆ ಕೆಳಗೆ. ನಾವು ನೋಡುವುದು, ಮುಟ್ಟುವುದು ಆ ಮರವನ್ನಂತೆ, ಬರವಣಿಗೆಯನ್ನಲ್ಲ.

‘ಬೇರು ಯಾಕೆ ಮೇಲೆ?’ ಎಂದೆ.

‘ನಮ್ಮನೇಲಿ ನೀನು ಎಲ್ಲಿದ್ದೀಯಾ ಮತ್ತೆ?’ ಎಂದಳು. ಕೊಬ್ಬು.

ಆ ಮರಕ್ಕೆ ಬಣ್ಣ, ಬಟ್ಟೆ, ಒಡವೆ ಬೇರೆ ಕಡೆಯಿಂದ ಬರುತ್ತವೆ, ಆಮೇಲೆ ತೊಡಿಸುತ್ತಾರೆ. ಒಬ್ಬರನ್ನು ಕಾಣಿಸಬೇಡ ಎಂದು ಬರೆದರೆ ಅವರು ಮರದಲ್ಲಿ ಇದ್ದೇ ಇರುತ್ತಾರೆ, ಕಣ್ಣಿಗೆ ಬೀಳುವುದಿಲ್ಲ. ಇದು ನನಗೆ ಹೊಸದೇನಲ್ಲ. ಕೆಲಸದ ಹೊತ್ತಿಗೆ ನನ್ನ ಗಂಡ ಹಾಗೇ ಇರುತ್ತಿದ್ದರು. ಒಳಗಿನ ಹೆಸರನ್ನು ಮುಟ್ಟಿದರೆ ಹೊರಗಿನ ಡಬ್ಬಿಗೂ, ಅದರ ಹೊರಗಿನದಕ್ಕೂ ಸುದ್ದಿ ಹೋಗುತ್ತದಂತೆ. ಬೇಡವೆಂದರೆ ನಡುವೆ ತಡೆಯಬೇಕಂತೆ. ನಮ್ಮ ಮನೆಯಲ್ಲಿ ಮಗುವಿಗೆ ಒಂದು ಏಟು ಬಿದ್ದರೆ ಅತ್ತೆಯ ತನಕ ಸುದ್ದಿ ಹೋಗುತ್ತಿತ್ತು. ತಡೆಯುವವರು ಯಾರೂ ಇರಲಿಲ್ಲ.

ಒಂದೊಂದು ಡಬ್ಬಿಗೆ ಯಾರ ಹೆಸರು ಎಂದು ಕೇಳಿದಳು. ಒಲೆ ಯಾರದೋ ಅವರದು ಎಂದೆ. ಗಂಡಸರ ಹೆಸರು ಒಳಗೆ ಇರಲಿ, ಊಟದ ಹೊತ್ತಿಗೆ ಅವರೇ ಬರುತ್ತಾರೆ. ಹಾಗಾಗಿ ಎಲ್ಲಕ್ಕಿಂತ ಹೊರಗೆ ನಮ್ಮತ್ತೆ ದೊಡ್ಡತಾಯಮ್ಮನ ಡಬ್ಬಿ. ಅದರೊಳಗೆ ಎರಡು, ಅಕ್ಕಪಕ್ಕ: ಮೊದಲು ಕೆಂಪಮ್ಮ ಎಂದು ನನ್ನದು, ಆಮೇಲೆ ಜಯಮ್ಮನದು. ನನ್ನ ಡಬ್ಬಿಯೊಳಗೆ ನನ್ನ ಸೊಸೆಯರ ಡಬ್ಬಿಗಳು. ಪವಿತ್ರ ಬಾಯಲ್ಲಿ ಗುನುಗಿಕೊಂಡು ಬರೆಯುತ್ತಿದ್ದಳು, ‘ಅಮ್ಮುನ್ನ ತೆಗ್ದೆ, ಅಪ್ಪನ ಹೆಸ್ರು, ನನ್ ಹೆಸ್ರು, ಅಮ್ಮುನ್ನ ಮುಚ್ದೆ.’ ನಾನು ಕಲ್ಲು ಆರಿಸುತ್ತಿದ್ದವಳು ಕೇಳಿಯೂ ಕೇಳಲಿಲ್ಲ. ಆಮೇಲೆ ಅವಳೆಂದಳು:

‘ಸರಿ. ಇನ್ನು ನಿನ್ನ ಮುಚ್ಬುಡ್ತೀನಿ ಅಜ್ಜಿ.’

ಮೊರ ಕೆಳಗಿಟ್ಟೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಹುಟ್ಟಿದ್ದು ಅಕ್ಕೂರಿನಲ್ಲಿ. ಅಲ್ಲಿ ನನ್ನ ಅಜ್ಜಿಗೆ ಆಡಬಾರದ ಮಾತುಗಳದೇ ಒಂದು ಕಣಜ ಇತ್ತು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ರಾಗಿ ಮುಗಿದರೆ ತುಂಬಿದೆ ಎನ್ನಬೇಕು. ನಾನು ಆರು ವರ್ಷದವಳಿರುವಾಗ ಅಜ್ಜಿ ಹಿಟ್ಟಿನ ಮಡಕೆ ನೋಡಿಕೊಂಡು ಬಾ ಎಂದಳು. ತಳ ಕಾಣುತ್ತಿತ್ತು. ಕಲಿಸಿದ ಹಾಗೆ ‘ತುಂಬೈತೆ ಕಣಜ್ಜಿ’ ಎಂದೆ. ಅವಳು ನಾನು ನಿಜ ಹೇಳಿದೆನೆಂದು ತಿಳಿದು ಬೀಸಲು ಕೂರಲಿಲ್ಲ. ಅವತ್ತು ಯಾರಿಗೂ ಮುದ್ದೆ ಇರಲಿಲ್ಲ. ಏಟು ಮಾತ್ರ ನನಗಿತ್ತು. ಅವತ್ತೇ ನಾನು ಇವೆಲ್ಲ ಬರೀ ಬೂಸಿ ಮಾತು ಎಂದು ತೀರ್ಮಾನ ಮಾಡಿದ್ದೆ.

ಹಾಗೆ ತೀರ್ಮಾನ ಮಾಡಿದವಳು ಎಪ್ಪತ್ತು ದಾಟಿದ ಮೇಲೆ, ಮೊಮ್ಮಗಳು ಮುಚ್ಚುತ್ತೇನೆ ಎಂದ ಕೂಡಲೇ ಏನಂದೆ ಗೊತ್ತೆ?

‘ಬದುಕಿರೋರ್ನ ಮುಚ್ಬಾರ್ದು ಕಣಮ್ಮಿ. ನಿಮ್ಮಜ್ಜನ್ನ ಮುಚ್ಚು, ನಮ್ಮತ್ತೇನ ಮುಚ್ಚು, ಅವ್ರು ಆಗ್ಲೇ ಹೋಗವ್ರೆ. ನನ್ನ ಮುಚ್ಬೇಡ.’

‘ಅಜ್ಜೀ, ಮುಚ್ಚದಿದ್ರೆ ಸರಿಯಾಗಲ್ಲ.’

‘ನಿಂತೋಯ್ತದಾ?’

‘ನಿಲ್ಲಲ್ಲ. ಬ್ರೌಸರು ತಪ್ಪು ಅಂತ ಯಾವತ್ತೂ ನಿಲ್ಲಲ್ಲ. ಏನೋ ಒಂದು ಅರ್ಥ ಮಾಡ್ಕಂಡು ಕಟ್ಟಾಕ್ತದೆ.’

‘ಮತ್ತೆ ಕಟ್ಕಳ್ಳಿ ಬುಡು. ನಿನಗೇನ್ ಕಷ್ಟ?’

ಅವಳು ನನ್ನ ಮುಖ ನೋಡಿದಳು. ಈ ಮನೆಯಲ್ಲಿ ನನ್ನ ಮಾತಿಗೆ ಎದುರಾಡಿ ಯಾರೂ ಗೆದ್ದಿಲ್ಲ. ಹಾಗೇ ಬಿಟ್ಟು ಮುಂದೆ ಹೋದಳು. ಜಯಳ ಗಂಡ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಬರೆದಾಯಿತು. ‘ಚಿಕ್ಕಜ್ಜಿನ?’ ಎಂದು ಕೇಳಿದಳು. ನಾನು ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡಿದ್ದೆ. ಒಂದು ಸಣ್ಣ ಕಲ್ಲು ಕಾಳಿನ ಹಾಗೇ ಕಾಣುತ್ತಿತ್ತು, ಅದರ ಮೇಲೆ ಕಣ್ಣು. ತಲೆ ಎತ್ತದೆ ಹೇಳಿದೆ.

‘ಮುಚ್ಚು.’

ಕೆಟ್ಟ ಮನಸ್ಸಿಲ್ಲದೆ ಹೇಳಿದೆ ಎಂದು ಬರೆಯಬಹುದು. ಆದರೆ ಒಳ್ಳೆ ಮನಸ್ಸಿನಿಂದಲೂ ಹೇಳಲಿಲ್ಲ. ಅವಳೂ ಬದುಕಿದ್ದಾಳೆ ಎಂಬುದು ಆ ಹೊತ್ತಿಗೆ ನನಗೆ ಮುಖ್ಯವಾಗಿರಲಿಲ್ಲ, ಅಷ್ಟೇ.

ಪವಿತ್ರ ಪೂರ್ತಿ ನೋಡದೆ ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟಳು. ಕಾಲೇಜಿನ ಬಸ್ಸಿಗೆ ಹೊತ್ತಾಗಿತ್ತಂತೆ. ಮಧ್ಯಾಹ್ನ ಹೊಂಗನೂರಿಂದ ಫೋನು.

‘ಅಕ್ಕ, ಚೆನ್ನಾಗಿ ಮಾಡ್ಸಿದೀಯಾ ಕಣಕ್ಕ.’

ಜಯಳ ದನಿ ಮೆತ್ತಗಾದರೆ ಹುಷಾರಾಗಿರಬೇಕು. ಕೂಗಾಡಿದರೆ ಭಯವಿಲ್ಲ.

‘ಏನಾಯ್ತು?’

‘ನನ್ ಸೊಸೆ ಪಕ್ಕದ್ಮನೆಯೋರ್ಗೆಲ್ಲ ತೋರುಸ್ತಿದ್ಲು. ನಿನ್ ಸೊಸೇರ್ನೆಲ್ಲ ಸಾಲಾಗಿ ನಿಲ್ಸಿದೀಯಾ. ಅವ್ರ ಸಾಲಲ್ಲೇ ಕೊನೇಲಿ ನನ್ನೂ ನಿಲ್ಸಿದೀಯಾ. ನಿನ್ ಹೆಸ್ರು ಮುಟ್ಟಿದ್ರೆ ನಾನು, ನನ್ ಗಂಡ, ನನ್ ಮಕ್ಳು ಎಲ್ಲಾ ನಿನ್ನೊಳಗೆ ಹೋಗ್ಬುಡ್ತೀವಿ. ಮೂವತ್ತೈದು ವರ್ಷ ಆಯ್ತಕ್ಕ ನಾನ್ ಬೇರೆ ಬಂದು. ಇನ್ನೂ ನಿನ್ ಡಬ್ಬೀಲೇ ಇಟ್ಕಂಡಿದ್ದೀಯಾ?’

‘ಅದು ಕಂಪ್ಯೂಟರ್‌ದು ಜಯ.’

‘ಕಂಪ್ಯೂಟರ್‌ಗೆ ನನ್ ಮೇಲೆ ಏನ್ ದ್ವೇಸ?’

‘ಪವಿತ್ರ ಬರ್ಲಿ, ಕೇಳ್ತೀನಿ’ ಎಂದು ಫೋನ್ ಇಟ್ಟೆ.

ಸಂಜೆ ಪವಿತ್ರ ಬಂದವಳೇ ನೋಡಿ ತಲೆ ಚಚ್ಚಿಕೊಂಡಳು. ನನ್ನ ಡಬ್ಬಿ ಮುಚ್ಚದೆ ಇದ್ದದ್ದರಿಂದ ಆಮೇಲೆ ಬಂದ ಜಯಳ ಡಬ್ಬಿ ನನ್ನೊಳಗೇ ಇಳಿದಿದೆ. ನಮ್ಮತ್ತೆಯನ್ನು ಮುಚ್ಚಲು ಇಟ್ಟ ಗುರುತನ್ನು ಬ್ರೌಸರು ನನ್ನದೆಂದು ತಿಳಿದು ಅಲ್ಲಿ ನನ್ನನ್ನು ಮುಚ್ಚಿದೆ. ಅತ್ತೆಯನ್ನು ತೆರೆದೇ ಇಟ್ಟು, ಕೊನೆಗೆ ಬರವಣಿಗೆಯೇ ಮುಗಿದುಹೋದಾಗ ತಾನೇ ಮುಚ್ಚಿದೆ. ಯಾರನ್ನೂ ಕೇಳಲಿಲ್ಲ, ಒಂದು ಮಾತು ಹೇಳಲಿಲ್ಲ. ಪಕ್ಕಾ ನನ್ನ ಗಾರೆಯವನು.

‘ಇರಜ್ಜಿ, ಎರಡ್ ನಿಮಿಷ’ ಎಂದು ಅವಳು ಲ್ಯಾಪ್‌ಟಾಪಿನಲ್ಲಿ ಪೇಜು ತೆರೆದು, ಆ ಮರವನ್ನೇ ಪಕ್ಕದಲ್ಲಿ ಬಿಚ್ಚಿ, ಜಯಳ ಕೊಂಬೆಯನ್ನು ಹಿಡಿದು ಎಳೆದು ನನ್ನ ಪಕ್ಕಕ್ಕೆ ತಂದು ಇಟ್ಟಳು. ಕಣ್ಣೆದುರೇ ಸರಿಯಾಯಿತು. ನನ್ನ ಹೆಸರು ಮುಟ್ಟಿದೆ, ನಾನು ಮಾತ್ರ ಮಡಿಚಿಕೊಂಡೆ. ಜಯ ಗಟ್ಟಿಯಾಗಿ ನಿಂತಿದ್ದಳು. ನನಗೆ ಸಂತೋಷವಾಗಿ, ತಡೆಯಲಾರದೆ, ಆಗಲೇ ಹೊಂಗನೂರಿಗೆ ಫೋನ್ ಹಚ್ಚಿದೆ.

‘ಸರಿ ಮಾಡ್ಸಿದೀನಿ ಕಣೆ. ಈಗ ನೋಡು.’

ಅವಳು ನೋಡಿದಳು. ಎರಡು ನಿಮಿಷ ಬಿಟ್ಟು ಹೇಳಿದಳು, ‘ಹಂಗೇ ಐತೆ. ಈಗ ಸುಳ್ಳೂ ಹೇಳ್ತಿದ್ದೀಯಾ ಅಕ್ಕ.’

ನಾನು ಪವಿತ್ರಳ ಕಡೆ ತಿರುಗಿದೆ. ಅವಳು ತುಟಿ ಕಚ್ಚಿಕೊಂಡಿದ್ದಳು. ಅವಳು ಸರಿಮಾಡಿದ್ದು ಈ ಲ್ಯಾಪ್‌ಟಾಪಿನ ತಲೆಯಲ್ಲಿರುವ ಮರವನ್ನು ಮಾತ್ರ. ಹೊಂಗನೂರಿನ ಫೋನು ಬರವಣಿಗೆಯನ್ನು ತಾನೇ ಹೊಸದಾಗಿ ಓದಿ ತನ್ನ ಮರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಬರವಣಿಗೆ ತಪ್ಪಿರುವ ತನಕ ಯಾವ ಊರಲ್ಲಿ ಯಾರು ತೆಗೆದರೂ ಜಯ ನನ್ನೊಳಗೇ. ಇಲ್ಲೂ ಅಷ್ಟೆ, ಪೇಜನ್ನು ಮತ್ತೆ ತೆಗೆದರೆ ಅವಳು ಎಳೆದು ಕೂರಿಸಿದ್ದೆಲ್ಲ ಹೋಗಿ ಮೊದಲಿನ ಹಾಗೆ. ನಾನು ಮಾಡಿಸಿದ್ದು ನನ್ನ ಕಣ್ಣಿಗೆ ಮಾತ್ರ ಸರಿ ಕಾಣುವ ಹಾಗೆ. ಅದರಲ್ಲಿ ನನಗೆ ಅನುಭವ ಜಾಸ್ತಿ.

ಪವಿತ್ರ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ‘ಚಿಕ್ಕಜ್ಜಿ, ಅಜ್ಜಿ ಸುಳ್ಳು ಹೇಳಿಲ್ಲ, ನಂದೇ ತಪ್ಪು’ ಎಂದು ಶುರು ಮಾಡಿದಳು. ಈಗಿನ ಮಕ್ಕಳಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದು. ಬದುಕಿದ್ದವರನ್ನು ಮುಚ್ಚಬಾರದು ಎಂದು ಅಜ್ಜಿ ಹೇಳಿದ್ದು, ಹಾಗಾಗಿ ಅಜ್ಜಿಯನ್ನು ಮುಚ್ಚದೆ ಬಿಟ್ಟದ್ದು, ಎಲ್ಲ ಹೇಳಿದಳು.

ಆ ಕಡೆಯಿಂದ ಒಂದೇ ಪ್ರಶ್ನೆ ಬಂತು. ನನಗೂ ಕೇಳಿಸಿತು.

‘ನನ್ನ?’

‘ನಿನ್ನ…’ ಎಂದು ಪವಿತ್ರ ನನ್ನ ಕಡೆ ನೋಡಿದಳು. ಜಯ ತಡವರಿಸುವವಳಲ್ಲ, ನನ್ನ ಹಾಗೇ ಅದೇ ಅತ್ತೆಯ ಕೈಯಲ್ಲಿ ಪಾಠ ಕಲಿತವಳು.

‘ಮುಚ್ಸಿದ್ಲಾ? ಆಯ್ತು ಬುಡವ್ವ. ಮುಚ್ಚಿದೋರು ಹಬ್ಬುಕ್ ಬರಬಾರ್ದು. ಎಡೇಲಿ ಒಂದ್ ಎಲೆ ಜಾಸ್ತಿ ಹಾಕು ಅಂತ ನಿಮ್ಮಜ್ಜಿಗೆ ಹೇಳು.’

ಫೋನ್ ಇಟ್ಟಳು. ಹಬ್ಬಕ್ಕೆ ಐದು ದಿನ ಉಳಿದಿತ್ತು.

ಮನೆಯಲ್ಲಿ ನನಗೆ ಬುದ್ಧಿ ಹೇಳುವ ಧೈರ್ಯ ಯಾರಿಗೂ ಇಲ್ಲ. ಎಲ್ಲರೂ ನನ್ನ ಪರವಾಗಿಯೇ ಮಾತಾಡಿದರು. ದೊಡ್ಡ ಮಗ ‘ಚಿಕ್ಕವ್ವಂದು ಯಾವಾಗ್ಲೂ ಹಿಂಗೇ’ ಎಂದ. ಸೊಸೆ ‘ಇಷ್ಟಕ್ಕೆಲ್ಲಾ ಬೇಜಾರಾ?’ ಎಂದಳು. ಇಷ್ಟಕ್ಕೆ ಅಲ್ಲ. ಇವರಿಗೆ ಉಪ್ಪಿನ ವಿಷಯ ಗೊತ್ತಿಲ್ಲ. ಜಯ ತಿರುಗಿ ಬಿದ್ದದ್ದು ಸರಿ ಎಂದು ಆ ಮನೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ, ಮತ್ತು ಅದನ್ನು ಹೇಳಲು ಬೇಕಾದ ಒಬ್ಬಳು ಫೋನ್ ಎತ್ತುತ್ತಿರಲಿಲ್ಲ. ಎರಡು ದಿನ ಎತ್ತಲಿಲ್ಲ.

ಮೂರನೇ ದಿನ ಪವಿತ್ರ ಕಾಲೇಜಿನಿಂದ ಬಂದು ಕಾಫಿ ಕುಡಿಯುವಾಗ ಹೇಳಿದೆ, ‘ಆ ಬರವಣಿಗೆ ತೆಗಿ. ಮರ ಬೇಡ, ಬರವಣಿಗೆ.’

ತೆಗೆದಳು.

‘ಮುಚ್ಚು ನನ್ನ.’

‘ನಿಜ್ವಾಗ್ಲೂನಾ ಅಜ್ಜಿ?’

‘ಮುಚ್ಚೇ. ಮುಚ್ಚಿದ್ರೆ ಸಾಯೋದಾದ್ರೆ, ನಿಮ್ಮಜ್ಜನ್ನ ತೆಗ್ದು ಎಬ್ಬುಸು ನೋಡಾಣ.’

ಅವಳಿಗೆ ನಗು ಬಂದು ಕಾಫಿ ಮೂಗಿಗೆ ಹತ್ತಿತು. ಎಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ಕೊನೆಯ ಸೊಸೆಯ ಡಬ್ಬಿ ಮುಗಿದ ಮೇಲೆ, ಜಯಮ್ಮ ಎಂಬ ಹೆಸರು ಶುರುವಾಗುವ ಮೊದಲು. ಅಷ್ಟು ಸಣ್ಣ ಜಾಗ. ಒಂದು ಕೊಕ್ಕೆ, ಒಂದು ಓರೆಗೆರೆ, ಮೂರು ಅಕ್ಷರ, ಇನ್ನೊಂದು ಕೊಕ್ಕೆ. ಒತ್ತಿದಳು. ನನಗೆ ಏನೂ ಆಗಲಿಲ್ಲ. ಕಾಲುನೋವು ಇದ್ದ ಹಾಗೇ ಇತ್ತು.

‘ಈಗ ಎಲ್ಲರ್ಗೂ ಸರಿಯಾಯ್ತದಾ?’

‘ಎಲ್ಲಾರ್ಗೂ. ಮತ್ತೆ ತೆಗೆದ್ರೆ ಹೊಸ್ದಾಗೇ ಕಟ್ತದೆ. ಚಿಕ್ಕಜ್ಜಿಗೆ ಒಂದ್ ಮೆಸೇಜ್ ಹಾಕ್ಲಾ?’

‘ಹಾಕ್ಬೇಡ’ ಎಂದೆ. ಮೆಸೇಜಿನಿಂದ ಹೋದದ್ದು ಮೆಸೇಜಿನಿಂದ ಬರುವುದಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಚನ್ನಪಟ್ಟಣಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಹೊಂಗನೂರಿನಲ್ಲಿ ಇಳಿದೆ. ಜಯ ಹುಳದ ಮನೆಯ ಬಾಗಿಲಲ್ಲಿ ಮೂಗಿಗೆ ಸೆರಗು ಸುತ್ತಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ, ಒಳಗೆ ಬಾ ಎನ್ನಲೂ ಇಲ್ಲ.

‘ಫೋನ್ ತೋರ್ಸಕ್ ಬಂದ್ಯಾ?’

‘ತೋರ್ಸಕ್ಕೇ. ನನ್ನ ಮುಚ್ಸಿದೀನಿ.’

‘ನನಗೆ ಹೊತ್ತಿಲ್ಲ ಕಣಕ್ಕ. ಹುಳ ಹಣ್ಣಾಗ್ಬುಟ್ಟವೆ. ಬತ್ತೀನಿ ಅಂದ ಇಬ್ರು ಕೂಲಿಯೋರು ಕೈ ಕೊಟ್ರು. ಮಧ್ಯಾಹ್ನದೊಳಗೆ ಚಂದ್ರಿಕೆಗೆ ಬುಡದಿದ್ರೆ ಸೊಪ್ಪಿನ ಮೇಲೇ ನೂಲು ಬುಡ್ತವೆ.’

ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಕಣ್ಣು ಬೀಳುತ್ತದೆ, ರೋಗ ಬರುತ್ತದೆ ಎನ್ನುತ್ತಾರೆ. ಎರಡರಲ್ಲಿ ಒಂದು ನಿಜ. ನಾನು ಫೋನನ್ನು ಚೀಲಕ್ಕೆ ಹಾಕಿ, ಚೀಲವನ್ನು ಜಗಲಿಯ ಮೇಲಿಟ್ಟು ನಿಂತೆ. ಅವಳು ನನ್ನ ಕಾಲು ನೋಡಿದಳು, ಕೈ ನೋಡಿದಳು.

‘ಅಲ್ಲಿ ಬಾನೀಲಿ ಔಷ್ಧಿ ನೀರೈತೆ. ಮೊಣಕೈವರ್ಗೂ ತೊಳ್ಕೊ. ಹೇಳಿದಂಗೆ ಮಾಡಂಗಿದ್ರೆ ಮಾತ್ರ ಬಾ.’

ತೊಳೆದುಕೊಂಡು ಹೋದೆ. ಒಳಗೆ ಮಳೆ ಬಿದ್ದ ಹಾಗೆ ಸೊಪ್ಪು ಮೇಯುವ ಸದ್ದು. ಹಣ್ಣಾದ ಹುಳ ಮೇವು ಬಿಟ್ಟು ತಲೆ ಎತ್ತಿ ಆಡಿಸುತ್ತದೆ, ಮೈ ಬೆಳಕಿಗೆ ಹಿಡಿದರೆ ತಿಳಿಯಾಗಿ ಹೊಳೆಯುತ್ತದೆ. ಅಂಥವನ್ನು ಆರಿಸಿ ಬಿದಿರಿನ ಚಂದ್ರಿಕೆಯ ಸುರುಳಿಯೊಳಗೆ ಬಿಡಬೇಕು, ಅಲ್ಲಿ ಗೂಡು ಕಟ್ಟುತ್ತವೆ. ಅವಳು ತೋರಿಸಿದ ತಟ್ಟೆಯ ಮುಂದೆ ಕೂತೆ. ಒಂದು ಗಂಟೆ ಇಬ್ಬರೂ ಹುಳ ಆರಿಸಿದೆವು. ಆಮೇಲೆ ಅವಳು ನನ್ನ ಕಡೆ ನೋಡದೆ ಹೇಳಿದಳು:

‘ಎಡೆಗೆ ಕಜ್ಜಾಯ ನಾನ್ ಮಾಡ್ಕಂಡ್ ತತ್ತೀನಿ. ನಿನ್ ಕಜ್ಜಾಯ ಹಿರೀಕರ ಹಲ್ಲಿಗೆ ಆಗಾಕಿಲ್ಲ.’

‘ಹೂಂ’ ಎಂದೆ. ಒಂದು ಹುಳವನ್ನು ಎತ್ತಿ ಚಂದ್ರಿಕೆಯ ಕಡೆ ಹಿಡಿದೆ.

‘ಅದಿನ್ನೂ ಹಣ್ಣಾಗಿಲ್ಲ ಕಣಕ್ಕ, ಬುಡು.’

ನನ್ನ ಕಣ್ಣಿಗೆ ಹಣ್ಣಾದ ಹಾಗೇ ಇತ್ತು. ಸೊಪ್ಪಿನ ಮೇಲೆ ವಾಪಸು ಬಿಟ್ಟೆ.